ಊರಿಗೆಲ್ಲ ಒಂದೇ ಕೋಟು

ನಾನು ಒಂದು ಕೋಟು. ಪೂರ್ತಿ ಕೋಟು ಎಂದರೆ ಸುಳ್ಳಾದೀತು, ನನಗೆ ಬೆನ್ನಿಲ್ಲ. ಸವಣೂರಿನ ದರ್ಜಿ ಮೌಲಾಸಾಬರು ಯಾರದೋ ಮದುವೆ ಸೂಟಿನಲ್ಲಿ ಉಳಿದ ಕರಿ ಬಟ್ಟೆಯಿಂದ ನನ್ನನ್ನು ಹೊಲಿದರು. ಬಟ್ಟೆ ಎದೆಗೂ ತೋಳಿಗೂ ಸಾಕಾಯಿತು, ಬೆನ್ನಿಗೆ ಬರಲಿಲ್ಲ. "ಫೋಟೊದಾಗ ಬೆನ್ನು ಯಾರು ನೋಡ್ತಾರ?" ಎಂದು ಹಿಂದೆ ಎರಡು ಲಾಡಿ ಹಚ್ಚಿ, ಪಕ್ಕದ ಸ್ಟುಡಿಯೋದ ದಾದಾಪೀರನ ಕೈಗೆ ಕೊಟ್ಟರು.

ಅಂದಿನಿಂದ ಊರಿನ ಗಣ್ಯರನ್ನೆಲ್ಲ ತಯಾರಿಸುವ ಕೆಲಸ ನನ್ನದೇ. ತೆಳ್ಳಗಿದ್ದವರಿಗೆ ಲಾಡಿ ಬಿಗಿ, ದಪ್ಪಗಿದ್ದವರಿಗೆ ಸಡಿಲ. ಮುಂದಿನಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರು, ಹಿಂದಿನಿಂದ ತೂತು ಬಿದ್ದ ಬನಿಯನ್. ಚೆನ್ನಾಗಿ ಬಂದ ಫೋಟೊಗಳನ್ನು ದಾದಾಪೀರ ಕೆಳಗೆ ಹೆಸರು ಬರೆದು, ರಸ್ತೆಗೆ ಕಾಣುವಂತೆ ಶೋಕೇಸಿನಲ್ಲಿ ಇಡುತ್ತಿದ್ದ. ಅಲ್ಲಿ ಜಾಗ ಸಿಕ್ಕವರ ನಡಿಗೆಯೇ ಬದಲಾಗುತ್ತಿತ್ತು.

ಆ ರಸ್ತೆಯನ್ನು ಇಪ್ಪತ್ತು ವರ್ಷದಿಂದ ಗುಡಿಸುತ್ತಿದ್ದವನು ದುರುಗಪ್ಪ. ಆದರೆ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ "ಏ ಕಸದವನ" ಎಂದೇ ಕರೆಯುತ್ತಿದ್ದರು. ಒಂದು ಸೋಮವಾರ ಅವನು ಪೊರಕೆ ಬಾಗಿಲಿಗೆ ಆನಿಸಿ ಕೇಳಿಯೇಬಿಟ್ಟ.

"ದಾದಾಪೀರಣ್ಣ, ನನ್ನ ಮಾರೀನೂ ಆ ಗಾಜಿನಾಗ ಇಡ್ತೀರೇನ್ರಿ? ಒಮ್ಮೆರ ಮಂದಿ ನೋಡಲಿ."

ದಾದಾಪೀರ ಒಳಗೆ ಕರೆದು ನನ್ನನ್ನು ತೊಡಿಸಿದ. ದುರುಗಪ್ಪ ನನ್ನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡು ಕುಳಿತ. ಫೋಟೊ ಮಂತ್ರಿಯ ಹಾಗೆ ಬಂತು.

ಎರಡು ದಿನ ಬಿಟ್ಟು ಜವಳಿ ಅಂಗಡಿಯ ಸಾಹುಕಾರ ನೀಲಕಂಠಪ್ಪನವರು ಕೆಂಡವಾಗಿ ಬಂದರು. ಶೋಕೇಸಿನಲ್ಲಿ ಅವರ ಹೊಸ ಫೋಟೊದ ಪಕ್ಕದಲ್ಲೇ ದುರುಗಪ್ಪನ ಫೋಟೊ ಕುಳಿತಿತ್ತು.

"ನಾ ಹಾಕ್ಕೊಂಡ ಕೋಟು ಅವಂಗ ಹಾಕೀಯಲ್ಲೋ?"

"ಇಲ್ರೀ ಸಾವಕಾರ್ರ. ಮುಂಜಾನೆ ಅವಂಗ ಹಾಕಿದ್ದು, ಸಂಜೀಕ ನಿಮಗ."

ಸಾಹುಕಾರರು ತಮ್ಮ ತೋಳನ್ನು ತಾವೇ ಒರೆಸಿಕೊಂಡರು. ಅವನ ಫೋಟೊ ಈಗಲೇ ತೆಗೆಯಬೇಕೆಂದು ಹಟ ಹಿಡಿದರು.

"ಕೋಟಿಗೆ ಮೈಲಿಗಿ ಆಗೇತಿ ಅಂದ್ರ, ಅದನ್ನ ಹಾಕ್ಕೊಂಡವರದೆಲ್ಲಾ ತೆಗೀಬೇಕಾಗತೈತ್ರಿ," ಎಂದ ದಾದಾಪೀರ. ತೆಗೆದೂ ಬಿಟ್ಟ. ಮ್ಯಾನೇಜರು, ಹೆಡ್‌ಮಾಸ್ತರರು, ಮೂವರು ಮದುಮಕ್ಕಳು, ಸ್ವತಃ ಸಾಹುಕಾರರು, ಎಲ್ಲರೂ ಡಬ್ಬಿ ಸೇರಿದರು. ಶೋಕೇಸಿನಲ್ಲಿ ಉಳಿದದ್ದು ಮೈಮೇಲೆ ಒಂದು ನೂಲೂ ಇಲ್ಲದೆ ಬೋರಲು ಮಲಗಿದ್ದ ಆರು ತಿಂಗಳ ಕೂಸು ಮಾತ್ರ. ದುರುಗಪ್ಪ ಬಂದು ನೋಡಿದ, ಪೊರಕೆ ಎತ್ತಿಕೊಂಡು ಹೋದ. ನನಗೆ ಬಹಳ ಸಂಕಟವಾಯಿತು.

ಊರಿಗೆ ಊರೇ ಸ್ಟುಡಿಯೋಕ್ಕೆ ಬಂತು. ತಮ್ಮ ಫೋಟೊ ಎಲ್ಲಿ ಎಂದು ಒಬ್ಬೊಬ್ಬರೂ ಕೇಳುವವರೇ; ದಾದಾಪೀರ ಎಲ್ಲರನ್ನೂ ಜವಳಿ ಅಂಗಡಿಗೆ ಕಳಿಸಿದ. ನಾಲ್ಕನೇ ದಿನ ಸಾಹುಕಾರರೇ ಬಂದರು. ಮಗಳನ್ನು ನೋಡಲು ಗಂಡಿನ ಕಡೆಯವರು ಅದೇ ರಸ್ತೆಯಲ್ಲಿ ಬರುವವರಿದ್ದರು.

"ನಂದೊಂದು ಇಡಪಾ."

"ಇಟ್ರ ಎಲ್ಲಾರದೂ ಇಡತೇನ್ರಿ."

ಸಾಹುಕಾರರು ಬೋರಲು ಬಿದ್ದ ಕೂಸನ್ನು ನೋಡಿದರು. "ಇಡು ಅತ್ಲಾಗ," ಎಂದರು.

ಮರುದಿನ ದುರುಗಪ್ಪ ಗಾಜಿನ ಮುಂದೆ ನಿಂತಿದ್ದಾಗ ಹೆಡ್‌ಮಾಸ್ತರರ ಹೆಂಡತಿ ಕಸದ ಬುಟ್ಟಿ ಹಿಡಿದು ಬಂದರು. ಫೋಟೊ ನೋಡಿ, ಕೆಳಗಿನ ಹೆಸರು ಓದಿ, "ದುರುಗಪ್ಪಣ್ಣ, ಫೋಟೊ ಚಲೋ ಬಂದೈತಿ," ಎಂದರು. ಯಾರನ್ನು ಕರೆದರೋ ಎಂದು ಅವನು ಹಿಂದೆ ತಿರುಗಿ ನೋಡಿದ.

ಈಗೆಲ್ಲ ಕಂಪ್ಯೂಟರಿನಲ್ಲೇ ಕೋಟು ತೊಡಿಸುತ್ತಾರೆ. ನಾನು ಟ್ರಂಕಿನಲ್ಲಿ ನುಸಿಗುಳಿಗೆಗಳ ಜೊತೆ ಮಲಗಿದ್ದೇನೆ. ನನ್ನನ್ನು ಒಗೆದದ್ದು ಜನ್ಮಕ್ಕೆ ಎರಡೇ ಸಲ, ಹಾಗಾಗಿ ಊರವರ ಬೆವರೆಲ್ಲ ನನ್ನ ಕಾಲರಿನಲ್ಲೇ ಇದೆ. ಯಾವುದು ಯಾರದೆಂದು ಇಷ್ಟು ವರ್ಷ ಮೂಸಿದರೂ ನನಗೆ ಗೊತ್ತಾಗಿಲ್ಲ.