ಎರಡು ಸಲ ಜಗ್ಗಿದರೆ

"ಕುರ್ಚಿ ಮ್ಯಾಲೆ ಕುಂಡ್ರಲೇ ಬೋಸುಡಿಕೆ! ಹಾಕಿಸೇನಿ ಅಂದ್ರೂ ನೆಲಾನ ಹುಡುಕ್ತೀಯಲ್ಲ!"

ಮರ್ಯಾದೆ ಕೊಡುವಾಗಲೂ ಶ್ರೀಕಾಂತ ಸಾಹೇಬರ ಬಾಯಿ ಹೀಗೆಯೇ. ಮರಾಠಿ ಸೀಮೆಯ ಬುಟಿಬೋರಿಯ ಈ ಬಣ್ಣದ ಕಾರ್ಖಾನೆಗೆ ಅವರು ಮ್ಯಾನೇಜರು, ಧಾರವಾಡದವರು. ನಾವು ಕಲಬುರಗಿ ಕಡೆಯಿಂದ ಬಂದು ಅದರ ಹೊಲಸು ನೀರಿನ ಟಾಕಿಗೆ ಇಳಿದು ರಾಡಿ ಬಳಿಯುವವರು. ಹನ್ನೊಂದು ವರ್ಷದಲ್ಲಿ ಸಿಕ್ಕ ಮೊದಲ ಕುರ್ಚಿ. ಕುಂಡಿ ನಂಬಲಿಲ್ಲ, ತುದಿಯಲ್ಲೇ ಕೂತೆ.

ಸಂವಿಧಾನ ದಿನವಂತೆ. ಲಾಡು ಹಂಚಿದರು. ದೊಡ್ಡ ಆಫೀಸಿನಿಂದ ಬಂದ ಅತಿಥಿಗಳೆದುರು ಸಾಹೇಬರು ನಮ್ಮ ಲೋಟದಲ್ಲೇ ಚಹಾ ಕುಡಿದರು. ನಿನ್ನೆಯವರೆಗೆ ಅದನ್ನು ಕಾಲಿನಿಂದ ಸರಿಸುತ್ತಿದ್ದವರು.

"ನಂದೀಶಣ್ಣ, ಹುಲಿ ಹುಲ್ಲು ತಿನ್ಲಾಕತ್ತದ," ಎಂದಳು ಪಕ್ಕದ ಅನಸೂಯ, ಮಡಿಲ ಚೀಲವನ್ನು ಒತ್ತಿ ಹಿಡಿದು. "ಅದರ ಹೊಟ್ಟ್ಯಾಗ ಏನದ ನೋಡು."

ನಾನು ಸಾಹೇಬರಂತೆ ಮೂಗಿನಲ್ಲಿ ಅಣಕಿಸಿದೆ: "ನಾವೆಲ್ಲಾ ಬರೋಬರ್ ಒಂದೇ ರೀ! ಟಾಕ್ಯಾಗ ಇಳಿಯೂದು ಮಾತ್ರ ನೀವು!"

ಅವಳು ನಗಲಿಲ್ಲ. ಶ್ರಾವಣದಿಂದ ನಕ್ಕಿಲ್ಲ.

ಕಾಗದ ಬಂತು. ಮರಾಠಿ. ಅಕ್ಷರ ಕೂಡಿಸಿ ಓದಿದೆ: ಈ ಕಾರ್ಖಾನೆಯಲ್ಲಿ ಯಾವ ಮನುಷ್ಯನೂ ಎಂದೂ ಟಾಕಿಗೆ ಇಳಿದಿಲ್ಲ, ಎಲ್ಲ ಮಶೀನೇ ಮಾಡುತ್ತದೆ. ಕೆಳಗೆ ನಮ್ಮ ಸಹಿ.

ಶ್ರಾವಣದಲ್ಲಿ ಅನಸೂಯಳ ಗಂಡ ಶಂಕರಪ್ಪ ಇಳಿದಿದ್ದ. ಮೇಲೆ ಹಗ್ಗ ನನ್ನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಬಕೆಟ್ ತುಂಬಿದೆ. ಎರಡು ಸಲ ಜಗ್ಗಿದರೆ ಉಸಿರು ಕಟ್ಟಿದೆ, ಎಳೆಯಿರಿ. ಎರಡು ಸಲ ಜಗ್ಗಿತು. "ಕಳ್ಳಾಟ ಹಚ್ಚ್ಯಾನ, ತಡಿ," ಎಂದರು ಸಾಹೇಬರು. ತಡೆದೆ. ಆಮೇಲೆ ಎಳೆದಾಗ ಬಂದದ್ದು ಹೆಣ.

"ಹಾಕವ್ವಾ ಸಹಿ," ಈಗ ಅದೇ ಬಾಯಲ್ಲಿ ಜೇನು. ಅನಸೂಯಳತ್ತ ಬಗ್ಗಿ, ಅತಿಥಿಗಳಿಗೆ ಕೇಳದಂತೆ, "ಇಲ್ಲಾಂದ್ರ ನಾಳೆ ಕಾರ್ಖಾನಿ ಕೊಟ್ಟ ಖೋಲಿ ಖಾಲಿ ಮಾಡು. ಜಲ್ದಿ."

ಅನಸೂಯ ಚೀಲ ಬಿಚ್ಚಿದಳು. ಅದೇ ಹಗ್ಗ. ಒಣಗಿದ ರಾಡಿ ಲಾಡುಗಳ ಮೇಲೆ ಉದುರಿತು. ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದು, ಇನ್ನೊಂದನ್ನು ಸಾಹೇಬರ ಕೈಗೆ ತುರುಕಿದಳು.

"ಯಾರೂ ಇಳಿದಿಲ್ಲಂದ್ರ ಇದು ಯಾರ ಹಗ್ಗ ರೀ? ಹಿಡೀರಿ, ನಾ ಇಳೀತೀನಿ."

ಸೀದಾ ಎದುರಿನ ಟಾಕಿಗೆ ನಡೆದಳು. ಮುಚ್ಚಳ ಸರಿಸಿದಳು. ನಾತಕ್ಕೆ ಅತಿಥಿಗಳು ಮೂಗು ಮುಚ್ಚಿದರು. ಅಂಚಿನಲ್ಲಿ ನಿಂತು ಎರಡು ಸಲ ಜಗ್ಗಿದಳು.

ಸಾಹೇಬರು ಹಗ್ಗ ಕೈಬಿಟ್ಟರು. ಎಲ್ಲರೂ ನೋಡಿದರು.

ನಾನು ಕುರ್ಚಿ ಒದ್ದು ಎದ್ದೆ. ತುದಿಯನ್ನು ನೆಲದಿಂದ ಎತ್ತಿಕೊಂಡು ಕೈಗೆ ಸುತ್ತಿದೆ.

"ನಂದೀಶ, ತಡಿಯಲೇ!"

ಎಳೆದೆ.