ಹದಿನೆಂಟನೆಯ ನಿಮಿಷ

ನಮ್ಮಪ್ಪ ಹದಿನೆಂಟು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದು ಕಡೆ ಕೂರಲಾರ. ಊಟಕ್ಕೆ ಕೂತರೂ ಅಷ್ಟೇ, ಕ್ಷೌರಕ್ಕೆ ಕೂತರೂ ಅಷ್ಟೇ. ಒಮ್ಮೆ ಕ್ಷೌರದಂಗಡಿಯವನು ಅರ್ಧ ಮೀಸೆ ಕತ್ತರಿಸಿದ್ದಾಗ ಎದ್ದು, ಬಾಗಿಲ ತನಕ ಹೋಗಿ, ಬೀದಿ ನೋಡಿ ಬಂದು ಮತ್ತೆ ಕೂತನಂತೆ. "ಏನ್ ಆಪರೇಟ್ರೇ, ರೀಲು ಬದಲಾಯಿಸಿ ಬಂದ್ರಾ?" ಎಂದು ಅವನು ಕೇಳಿದ್ದು ಬೀದಿಗೆಲ್ಲ ಗೊತ್ತು.

ರೀಲು ಬದಲಾಯಿಸುವುದೇ ಅಪ್ಪನ ಕಸುಬಾಗಿತ್ತು. ಟಾಕೀಸಿನ ಮೇಲಿನ ಕೋಣೆಯಲ್ಲಿ ಎರಡು ಪ್ರೊಜೆಕ್ಟರುಗಳು. ಒಂದರ ರೀಲು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಓಡಿಸಬೇಕು. ಒಂದು ರೀಲಿಗೆ ಹದಿನೆಂಟು ನಿಮಿಷ. ಸುತ್ತಲಿನ ಟಾಕೀಸುಗಳೆಲ್ಲ ಕಂಪ್ಯೂಟರಿಗೆ ಬದಲಾದ ಮೇಲೂ ನಮ್ಮದು ಹಳೆಯ ಚಿತ್ರಗಳನ್ನೇ ಓಡಿಸಿಕೊಂಡು ಮೊಂಡು ಹಿಡಿದು ನಿಂತಿತ್ತು. ಎಂಟು ತಿಂಗಳ ಹಿಂದೆ ಅದಕ್ಕೂ ಬೀಗ ಬಿತ್ತು. ಮಾಲೀಕರು ಅಪ್ಪನಿಗೆ ಪರದೆಯ ಪಕ್ಕದ ಎರಡು ದೊಡ್ಡ ಸ್ಪೀಕರು ಕೊಟ್ಟು ಕೈತೊಳೆದುಕೊಂಡರು. ಅಪ್ಪ ತಾನಾಗಿ ಬಿಚ್ಚಿಕೊಂಡು ಬಂದದ್ದು ಒಂದೇ ಒಂದು: ಪ್ರೊಜೆಕ್ಟರ್ ಕೋಣೆಯ ಗೋಡೆಯಲ್ಲಿದ್ದ ಅಂಗೈಯಗಲದ ಪುಟ್ಟ ಸ್ಪೀಕರು. ಕೆಳಗೆ ಶಬ್ದ ಸರಿಯಾಗಿ ಹೋಗುತ್ತಿದೆಯೇ ಎಂದು ಆಪರೇಟರಿಗೆ ತಿಳಿಯಲಿ ಅಂತ ಇಟ್ಟಿದ್ದದ್ದು. ಅದು ನಮ್ಮ ಅಡುಗೆಮನೆಯ ಗೂಡಿನಲ್ಲಿ ಮೊಳೆ, ನಟ್ಟು, ಬಾಗಿಲು ಮರೆತ ಬೀಗದ ಕೈಗಳ ಜೊತೆ ಸಂಸಾರ ಹೂಡಿತು.

ಅಮ್ಮ ದರ್ಜಿ. ಟಾಕೀಸಿನ ಹರಿದ ಸೀಟುಗಳನ್ನು ಹೊಲಿಯಲು ಬಂದವಳು ಆಪರೇಟರನನ್ನೇ ಸೆರಗಿಗೆ ಹೊಲಿದುಕೊಂಡು ಹೋದಳು ಎಂದು ಸೋದರತ್ತೆ ಈಗಲೂ ಆಡಿಕೊಳ್ಳುತ್ತಾಳೆ. ಅಕ್ಕನ ಬಾಣಂತನಕ್ಕೆಂದು ಆ ಭಾನುವಾರ ಅಮ್ಮ ಹೊರಡುವವಳಿದ್ದಳು. ಹೋದರೆ ಐದು ತಿಂಗಳು. ಅದಕ್ಕೆ ಮುಂಚಿನ ಸೋಮವಾರ ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ, ಯಾರಿಗೂ ಅಲ್ಲ ಎಂಬಂತೆ ಅಂದಳು:

"ಮೂವತ್ತೊಂದು ವರ್ಷ ಸಿನಿಮಾದವರ ಜೊತೆ ಬಾಳಿದೆ. ಪಕ್ಕದಲ್ಲಿ ಕೂತು ಒಂದು ಸಿನಿಮಾ ಪೂರ್ತಿ ನೋಡಿದ್ದುಂಟಾ? ನಾನು ಕೆಳಗೆ, ಇವರು ಮೇಲೆ. ಮಧ್ಯಂತರದಲ್ಲಿ ಕಿಂಡಿಯಿಂದ ಕೈ ಬೀಸಿದ್ರೆ ಅದೇ ನನ್ನ ಪುಣ್ಯ."

ಅಪ್ಪ ಕೇಳಿಸಿಕೊಂಡ. ಎದ್ದು ಕಿಟಕಿಯ ತನಕ ಹೋಗಿ ಬಂದ.

ಅವತ್ತಿನಿಂದ ನನ್ನ ಕಾಲಿಗೂ ಚಕ್ರ ಕಟ್ಟಿದಂತಾಯಿತು. ಶನಿವಾರ ಮಧ್ಯಾಹ್ನ ನನಗೂ ರಜೆ, ಅಮ್ಮನಿಗೂ ಬಿಡುವು. ಅಷ್ಟರೊಳಗೆ ಅಪ್ಪನನ್ನು ಅಮ್ಮನ ಪಕ್ಕ ಒಂದು ಇಡೀ ಸಿನಿಮಾ ಕೂರಿಸಬೇಕು. ಅಪ್ಪ ಟಿವಿ ಮುಂದೆ ಕೂರದಿರುವುದು ಟಿವಿಯ ಸೊಳ್ಳೆ ದನಿಯಿಂದ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆ ದೊಡ್ಡ ಸ್ಪೀಕರುಗಳು ಮಾತಾಡಿದರೆ ಅಪ್ಪ ಕುರ್ಚಿಗೆ ಅಂಟಿಕೊಳ್ಳುತ್ತಾನೆ! ಅವಕ್ಕೆ ಜೀವ ಬರಲು ಒಂದು ರಿಸೀವರ್ ಬೇಕು. ಟಿವಿಗೂ ಸ್ಪೀಕರಿಗೂ ನಡುವೆ ಕೂತು, ಯಾವ ಶಬ್ದ ಯಾವ ಕಡೆ ಹೋಗಬೇಕೆಂದು ಹಂಚಿಕೊಡುವ ಯಜಮಾನನಂಥ ಪೆಟ್ಟಿಗೆ ಅದು. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ಸಾವಿರ. ಕೇಕಿನಂಗಡಿಯಲ್ಲಿ ಊರವರ ಹೆಸರನ್ನೆಲ್ಲ ಕೆನೆಯಲ್ಲಿ ಬರೆದು ಉಳಿಸಿದ್ದು.

ಮಂಗಳವಾರ ಮತ್ತು ಬುಧವಾರ ಫೋನಿನಲ್ಲಿ ರಿಸೀವರುಗಳ ಬಗ್ಗೆ ಓದಿದೆ. ಐದು ಚಾನೆಲ್, ಏಳು ಚಾನೆಲ್, ಒಂಬತ್ತು ಚಾನೆಲ್. ಚಾನೆಲ್ ಅಂದರೆ ಒಂದೊಂದು ಸ್ಪೀಕರಿಗೆ ಶಬ್ದ ಹೋಗುವ ಒಂದೊಂದು ಬಾಗಿಲು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ್ದ. ಮೂರನೆಯವನು ಇಬ್ಬರನ್ನೂ ಬೈದಿದ್ದ. ಓದಿದಷ್ಟೂ ತಲೆ ಮೊಸರು ಗಡಿಗೆಯಾಯಿತು. ಮಗುವೊಂದರ ಕೇಕಿನ ಮೇಲೆ 'ಐದು ವರ್ಷ' ಎಂದು ಬರೆಯುವ ಬದಲು 'ಐದು ಚಾನೆಲ್' ಎಂದು ಬರೆದಿಟ್ಟೆ. ನಮ್ಮ ಅಂಗಡಿಯ ಯಜಮಾನಿ, "ಮದುವೆ ಗೊತ್ತಾಗಿದ್ಯೇನೇ ಹುಡುಗಿ? ಮೈಮೇಲೆ ಪ್ರಜ್ಞೆನೇ ಇಲ್ಲ!" ಎಂದು ಅದನ್ನು ಚಾಕುವಿನಿಂದ ಸವರಿ ತೆಗೆದರು.

ನನ್ನ ತಲೆಯಲ್ಲಿ ಕುಣಿಯುತ್ತಿದ್ದದ್ದು ಅಜ್ಜಿಯ ಕಥೆಯೊಂದು. ಒಬ್ಬ ರಾಜ, ಅವನ ರಾಣಿ ನಗುವುದನ್ನೇ ಮರೆತಿದ್ದಳು. ನಗು ಒಳಗೆ ಬರಲಿ ಎಂದು ರಾಜ ಏಳು ಬಾಗಿಲಿನ ಅರಮನೆ ಕಟ್ಟಿಸಿದ. ಚಿನ್ನದ್ದೊಂದು, ಬೆಳ್ಳಿಯದೊಂದು, ಗಂಧದ್ದೊಂದು... ಬಾಗಿಲು ಎಣಿಸುತ್ತಾ ಎಣಿಸುತ್ತಾ ನಾನು ಪ್ರತಿಸಲ ನಿದ್ದೆ ಹೋಗುತ್ತಿದ್ದೆ. ಹಾಗಾಗಿ ನನ್ನ ಪಾಲಿಗೆ ಆ ಕಥೆಯೆಂದರೆ ಬರೀ ಏಳು ಬಾಗಿಲು. ಏಳು ಚಾನೆಲ್ಲೇ ಬೇಕೆಂದು ಮನಸ್ಸು ಹಟ ಹಿಡಿದದ್ದು ಅದಕ್ಕೇ ಇರಬೇಕು.

ಗುರುವಾರ ಅಪ್ಪನನ್ನು ಎಳೆದುಕೊಂಡು ದೊಡ್ಡ ಅಂಗಡಿಗೆ ಹೋದೆ. ಗಾಜಿನ ಕೋಣೆ, ಮೆತ್ತನೆ ಸೋಫಾ, ಕತ್ತಲೆ. ಟೈ ಕಟ್ಟಿದ ಹುಡುಗ ಒಂದು ಗುಂಡಿ ಒತ್ತಿದ್ದೇ ತಡ, ನಮ್ಮ ತಲೆಯ ಮೇಲೆ ಹೆಲಿಕಾಪ್ಟರ್ ಹಾರಿತು.

"ಹೇಗಿದೆ ಮೇಡಂ? ಮೈ ಜುಂ ಅಂತಾ?"

"ಎಷ್ಟು?"

ಅವನು ಹೇಳಿದ ಬೆಲೆ ಕೇಳಿ ಹೆಲಿಕಾಪ್ಟರ್ ನನ್ನ ಮೇಲೇ ಬಿದ್ದ ಹಾಗಾಯಿತು. ತಿರುಗಿ ನೋಡಿದರೆ ಪಕ್ಕದಲ್ಲಿ ಅಪ್ಪ ಇಲ್ಲ. ಪರದೆಯ ಹಿಂದೆ ನುಗ್ಗಿ, ಬಗ್ಗಿ ಕೂತು, ವೈರುಗಳನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ.

"ಸರ್, ಅಲ್ಲಿಗೆಲ್ಲ ಹೋಗಬಾರದು," ಎಂದ ಹುಡುಗ.

"ಇದೊಂದು ಸಡಿಲ ಇದೆ ಕಣಪ್ಪ," ಎಂದು ಅಪ್ಪ ತಿರುಪು ಬಿಗಿಮಾಡಿಯೇ ಎದ್ದ. ಹೊರಗೆ ಬಂದ ಮೇಲೆ, "ಯಾಕೆ ಪುಟ್ಟಿ ಇದೆಲ್ಲ? ಟಿವಿ ಕೇಳಿಸುತ್ತಲ್ಲ," ಎಂದ.

ಉಳಿದದ್ದು ಹಿಂದಿನ ಬೀದಿಯ ರಿಪೇರಿ ಅಕ್ಕ. ಹಳೆಯ ಪೆಟ್ಟಿಗೆಗಳನ್ನು ಸರಿಮಾಡಿ ಮಾರುವವಳು. ಹಣೆಯ ಮೇಲೆ ಕನ್ನಡಕ, ಕಿವಿಯ ಹಿಂದೆ ಟೆಸ್ಟರು. ಶುಕ್ರವಾರ ಸಂಜೆ ಅವಳ ಮೇಜಿನ ಮೇಲೆ ಎರಡು ರಿಸೀವರ್ ಇದ್ದವು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಒಂದು ಕನ್ನಡಿಯಂತೆ ಹೊಳೆಯುವ ಏಳು ಚಾನೆಲ್ಲಿನದು, ನೀಲಿ ದೀಪದ್ದು. ಇನ್ನೊಂದು ಐದರದ್ದು, ಕಲ್ಲಿನಂತೆ ಭಾರ, ಮುಖದ ತುಂಬ ಗೀರು.

"ಸ್ಪೀಕರ್ ಎಷ್ಟಿದೆ?" ಎಂದು ಕೇಳಿದಳು.

"ಎರಡು."

"ಎರಡಕ್ಕೆ ಏಳು ಯಾಕಮ್ಮ? ಇಬ್ಬರ ಮನೇಲಿ ಏಳು ಚೊಂಬು ಇಟ್ಟ ಹಾಗೆ. ಈ ಗೀರಿನದು ತಗೋ. ಇದರಲ್ಲಿ ಎ, ಬಿ ಅಂತ ಎರಡು ಸಾಲು ಕೊಡ್ತಾರೆ. ಒಂದೇ ಶಬ್ದಾನ ಇನ್ನೊಂದು ಕೋಣೆಗೂ ಒಯ್ಯಬಹುದು. ಹೊಳಿಯೋದ್ರಲ್ಲಿ ಅದಿಲ್ಲ. ಯಾರು ಎಲ್ಲಿ ಕೂತು ಕೇಳ್ತಾರೆ ನಿಮ್ಮನೇಲಿ?"

"ಎಲ್ಲರೂ ಹಾಲಲ್ಲೇ," ಎಂದೆ, ತುಸು ಸಿಡುಕಿ. ಒಬ್ಬರು ಇನ್ನೊಂದು ಕೋಣೆಗೆ ಹೋಗದಿರಲಿ ಅಂತ ತಾನೇ ಇಷ್ಟೆಲ್ಲ ಪಾಡು! ನೀಲಿ ದೀಪದ್ದನ್ನು ಎದೆಗವಚಿಕೊಂಡು ಬಂದೆ.

ಜೋಡಿಸಿದ್ದು ಅಪ್ಪನೇ. ವೈರು ಕಚ್ಚಿ ಸುಲಿದು, ತಿರುಚಿ, ಸಿಕ್ಕಿಸಿ, ಅರ್ಧ ಗಂಟೆ ಅಪ್ಪನ ಮೈಯಲ್ಲಿ ಹಳೆಯ ಹುರುಪು. ನಾಳೆಯ ಸಿನಿಮಾಕ್ಕೆ ಮುಂಚೆ ಪರೀಕ್ಷೆಗೆಂದು ಬೇರೊಂದು ಹಚ್ಚಿದೆವು. ಸ್ಪೀಕರುಗಳು ಬಾಯಿ ತೆರೆದದ್ದೇ ಕಪಾಟಿನ ಲೋಟಗಳು ಗಡಗಡ ಎಂದವು. ಹೊಲಿಗೆ ಬಿಟ್ಟು ಬಂದ ಅಮ್ಮ, "ಅಯ್ಯೋ, ಟಾಕೀಸು ಮನೆಗೇ ಬಂತಲ್ರೀ!" ಎಂದಳು. ಅಪ್ಪ ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

ನಾನು ಸಿನಿಮಾ ನೋಡಲಿಲ್ಲ, ಗಡಿಯಾರ ನೋಡಿದೆ. ಹತ್ತು. ಹದಿನಾಲ್ಕು. ಹದಿನೇಳು. ಅಪ್ಪನ ಮಂಡಿ ಅಲುಗತೊಡಗಿತು. ಹದಿನೆಂಟು. ಎದ್ದ.

ಅಮ್ಮ ತಲೆ ಎತ್ತಲಿಲ್ಲ. ಕೈಗೆ ಮತ್ತೆ ಸೂಜಿ ತಗೊಂಡಳು, ಅಷ್ಟೇ.

ಅಪ್ಪನನ್ನು ಬೈಯಬೇಕೆಂದೇ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಗೋಡೆಯಲ್ಲಿ, ಹಾಲಿಗೆ ತಟ್ಟೆ ದಾಟಿಸಲು ಒಂದು ಚೌಕ ಕಿಂಡಿಯಿದೆ. ಅದರ ಮುಂದೆ ಅಪ್ಪ ನಿಂತಿದ್ದ. ಎರಡೂ ಮೊಣಕೈ ಕಟ್ಟೆಯ ಮೇಲೆ, ಕಣ್ಣು ಹಾಲಿನಾಚೆಯ ಟಿವಿಯ ಮೇಲೆ. ಮಂಡಿ ಅಲುಗುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಅಪ್ಪ ಹಾಗೆ ಅಲ್ಲಾಡದೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಬೈಯಲು ಬಂದವಳು ಪಕ್ಕಕ್ಕೆ ಹೋಗಿ ನಿಂತೆ.

"ಅಲ್ಲಿ ಕೂರೋಕೆ ಏನು ಕಷ್ಟ ಅಪ್ಪ?"

"ಕಷ್ಟ ಏನಿಲ್ಲ. ಬೆನ್ನ ಹಿಂದೆ ಯಾರೋ ನನ್ನ ಕೆಲಸ ಮಾಡ್ತಿದ್ದಾರೆ, ಸರಿಯಾಗಿ ಮಾಡ್ತಿಲ್ಲ ಅನಿಸುತ್ತೆ. ಇಲ್ಲಿಂದಾದ್ರೆ ಚಿತ್ರ ಇದ್ದ ಹಾಗೆ ಕಾಣುತ್ತೆ. ಆದ್ರೆ ಮಾತು ಕೇಳಲ್ಲ. ಬರೀ ಗುಡುಗುಡು." ಅಪ್ಪ ಪುಟ್ಟ ಸ್ಪೀಕರಿದ್ದ ಗೂಡಿನ ಕಡೆ ಕಣ್ಣು ಹಾಯಿಸಿ ತಕ್ಷಣ ತೆಗೆದ.

ಅಷ್ಟೇ ಸಾಕಾಯಿತು. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದೆ. ಶನಿವಾರ ಬೆಳಿಗ್ಗೆ ರಿಪೇರಿ ಅಕ್ಕ ಬಾಗಿಲು ತೆಗೆಯುವ ಮೊದಲೇ ಅವಳ ಅಂಗಡಿಯ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ.

"ಏನಮ್ಮ, ಒಂದೇ ದಿನಕ್ಕೆ ತವರಿಗೆ ಕರ್ಕೊಂಡು ಬಂದ್ಯಾ ಇದನ್ನ? ಮಾವನ ಮನೆ ಸರಿ ಹೋಗ್ಲಿಲ್ವಾ?"

"ಅಕ್ಕಾ, ಆ ಗೀರಿನದು ಇದ್ಯಾ?"

"ಇದೆ. ಅದನ್ನ ಯಾರು ಕೇಳ್ತಾರೆ, ನಿನ್ನ ಬಿಟ್ಟು? ನಿನ್ನೆ ಹೇಳಿದ್ರೆ ಕಿವಿಗೆ ಹಾಕ್ಕೊಂಡ್ಯಾ?" ಹೊಳೆಯುವುದನ್ನು ಹೊರಳಿಸಿ ನೋಡಿ ಒಳಗಿಟ್ಟಳು. "ಇನ್ನೊಂದು ಕೋಣೇಲಿ ಯಾರು?"

"ಅಪ್ಪ."

"ಸ್ಪೀಕರು?"

ಚೀಲದಿಂದ ಆ ಅಂಗೈಯಗಲದ್ದನ್ನು ತೆಗೆದು ತೋರಿಸಿದೆ. ಅವಳು ತಂತಿ ಮುಟ್ಟಿಸಿ, ಕಿವಿಗೊಟ್ಟು, "ಇದಕ್ಕೇನೂ ಆಗಿಲ್ಲ. ಶಬ್ದ ಮಿತಿಯಲ್ಲಿಡು ಅಷ್ಟೇ," ಎಂದು ಉದ್ದನೆಯ ವೈರನ್ನೂ ಸುತ್ತಿ ಕೊಟ್ಟಳು. ದುಡ್ಡು ತೆಗೆಯಲು ಹೋದರೆ, "ಮೊದಲು ನಿಮ್ಮಕ್ಕನ ಬಾಣಂತನ ಮುಗೀಲಿ, ಆಮೇಲೆ ನೋಡೋಣ," ಎಂದು ನಕ್ಕಳು. ನಮ್ಮಕ್ಕನ ವಿಷಯ ಇವಳಿಗೆ ಹೇಗೆ ಗೊತ್ತು ಎಂದು ಬೆರಗಾದೆ. ಅಮ್ಮ ಇವಳ ರವಿಕೆ ಹೊಲಿಯುತ್ತಾಳೆಂಬುದು ಆಮೇಲೆ ನೆನಪಾಯಿತು.

ಮಧ್ಯಾಹ್ನದ ಹೊತ್ತಿಗೆ ವೈರು ಬಾಗಿಲ ಚೌಕಟ್ಟಿನ ಮೇಲೆ ಹರಿದು ಅಡುಗೆಮನೆ ಸೇರಿತ್ತು. ಕಿಂಡಿಯ ಪಕ್ಕದ ಮೊಳೆಗೆ ಪುಟ್ಟ ಸ್ಪೀಕರನ್ನು ತೂಗುಹಾಕಿದೆ. ಎ ಒತ್ತಿದೆ, ಬಿ ಒತ್ತಿದೆ. ಹಾಲಿನ ಟಿವಿ ಆಡಿದ ಮಾತೇ ಅಡುಗೆಮನೆಯಲ್ಲಿ ತಗಡಿನ ಡಬ್ಬಿಯೊಳಗಿಂದ ಬಂದಂತೆ, ತುಸು ಮೂಗಿನಲ್ಲಿ ಬಂತು. ಅಪ್ಪ ಬೆಚ್ಚಿಬಿದ್ದ. ಆಮೇಲೆ ಸ್ಟೂಲು ಎಳೆದುಕೊಂಡು ಕಿಂಡಿಯ ಮುಂದೆ ಕೂತ.

ಅಮ್ಮ ತನಗಿಷ್ಟವಾದ ಹಳೆಯ ಸಿನಿಮಾ ಆರಿಸಿದ್ದಳು. ಒಳ್ಳೆಯ ಸೀರೆ ಉಟ್ಟು ಬಂದವಳು ಪಕ್ಕದ ಖಾಲಿ ಕುರ್ಚಿ ನೋಡಿದಳು, ಕಿಂಡಿ ನೋಡಿದಳು. ದಿಂಬಿಗೊರಗಿ ಕೂತಳು. ಸಿನಿಮಾ ಶುರುವಾಯಿತು.

ಆಗ ನನಗೆ ಹೊಳೆಯಿತು. ಏನು ಮಾಡಿಬಿಟ್ಟೆ ನಾನು! ಅಮ್ಮ ಕೆಳಗೆ, ಅಪ್ಪ ಮೇಲೆ. ಮೂವತ್ತೊಂದು ವರ್ಷದ್ದನ್ನೇ, ಮನೆಯೊಳಗೆ, ನನ್ನ ದುಡಿಮೆಯಿಂದ ಮತ್ತೆ ಕಟ್ಟಿ ನಿಲ್ಲಿಸಿದ್ದೆ. ಎದ್ದು ಅಪ್ಪನ ಕೈಹಿಡಿದು ಎಳೆದುಕೊಂಡು ಬರಲೇ? ಬಿ ಗುಂಡಿ ಆರಿಸಿಬಿಡಲೇ? ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಚ್ಚಿದೆ. ಒಂಬತ್ತನೆಯ ನಿಮಿಷದಲ್ಲಿ ಅಮ್ಮ ಎದ್ದಳು.

ದಿಂಬನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದಳು. ನಾನು ಕಿವಿಗೊಟ್ಟೆ. ತಗಡಿನ ದನಿಯ ನಡುವೆ ಅವಳದು ಕೇಳಿಸಿತು:

"ಒಳಗೆ ಬರಬಹುದಾ?"

ಅಪ್ಪ ತಡವರಿಸಿದ. ಟಾಕೀಸಿನ ಆ ಕೋಣೆಯ ಬಾಗಿಲ ಮೇಲೆ, ಕೆಲಸದವರ ಹೊರತು ಯಾರಿಗೂ ಪ್ರವೇಶವಿಲ್ಲ ಎಂಬ ಬೋರ್ಡಿತ್ತು. ಬೆಂಕಿಯ ಭಯಕ್ಕೆ ಹಾಕಿದ್ದು. ಅಪ್ಪ ಆ ಬೋರ್ಡನ್ನು ಹೆಂಡತಿಯ ಮಟ್ಟಿಗೂ ಒಂದು ದಿನವೂ ಮೀರಿದವನಲ್ಲ. ಅಮ್ಮನೂ ಹೊಸ್ತಿಲಲ್ಲಿ ಊಟದ ಡಬ್ಬಿ ಇಟ್ಟು ಇಳಿದು ಬರುತ್ತಿದ್ದಳು.

"ಬಾ," ಎಂದ ಅಪ್ಪ. "ಈಗ ಬೋರ್ಡ್ ಎಲ್ಲಿದೆ?"

ಎರಡನೆಯ ಸ್ಟೂಲಿನ ಕಾಲು ಕಿರ್ರ್ ಎಂದಿತು.

"ಅಯ್ಯೋ! ಇಲ್ಲಿಂದ ಇಷ್ಟು ಚೆನ್ನಾಗಿ ಕಾಣುತ್ತಾ? ಇಷ್ಟು ವರ್ಷ ನನ್ನನ್ನ ಕೆಳಗೆ ಕೂರಿಸಿ ತಿಗಣೆ ಕೈಲಿ ಕಚ್ಚಿಸಿದ್ರಲ್ರೀ!"

"ಸೀಟು ಹೊಲಿದವಳು ನೀನು. ತಿಗಣೆ ನಿಂದೇ."

ಅಮ್ಮ ನಕ್ಕಳು. ಆ ನಗು ಕಿಂಡಿಯಿಂದ ಹಾಲಿಗೆ ಬಂತು. ಆಗ ಇದ್ದಕ್ಕಿದ್ದಂತೆ ನನಗೆ ಅಜ್ಜಿಯ ಕಥೆಯ ಕೊನೆ ನೆನಪಾಯಿತು. ನಿದ್ದೆಯಲ್ಲೂ ಕಿವಿ ಕೇಳಿಸಿಕೊಂಡಿತ್ತೇನೋ. ಏಳು ಬಾಗಿಲಲ್ಲಿ ಏಳು ಕಾವಲುಗಾರರು ಕಾದರು, ನಗು ಬರಲಿಲ್ಲ. ಅದು ಬಂದದ್ದು ಅಡುಗೆಮನೆಯ ಗೋಡೆಯಲ್ಲಿ ಬೆಕ್ಕಿಗೆಂದು ಬಿಟ್ಟ ಕಿಂಡಿಯಿಂದ.

ಹದಿನೆಂಟನೆಯ ನಿಮಿಷ ಬಂತು. ಬೆನ್ನ ಹಿಂದೆ ಸ್ಟೂಲು ಅಲುಗಿದ ಸದ್ದು.

"ರೀಲು ಬದಲಾಯಿಸೋ ಹೊತ್ತಾ?" ಅಮ್ಮ ಕೇಳಿದಳು.

"ಹೂಂ."

"ಬದಲಾಯಿಸಿ ಬನ್ನಿ. ನಿಮ್ಮ ಜಾಗ ನಾನು ಹಿಡಿದಿರ್ತೀನಿ."

ಹೆಜ್ಜೆಯ ಸದ್ದಿಗೆ ಕಾದೆ. ಬರಲಿಲ್ಲ. ಹತ್ತೊಂಬತ್ತಾಯಿತು, ಇಪ್ಪತ್ತಾಯಿತು. ತಾಳಲಾರದೆ ಕುರ್ಚಿಯಿಂದ ಅರ್ಧ ಎದ್ದು ತಿರುಗಿ ನೋಡಿದೆ. ಕಿಂಡಿಯ ಚೌಕಟ್ಟಿನಲ್ಲಿ ಎರಡು ಮುಖಗಳು, ಒಂದಕ್ಕೊಂದು ತಾಗಿ, ಟಿವಿಯ ಬೆಳಕಿನಲ್ಲಿ.

"ಏಯ್, ಮುಂದಿನ ಸೀಟು!" ಅಪ್ಪನ ಹಳೆಯ ದನಿ ಗುಡುಗಿತು. "ತಲೆ ತಗ್ಗಿಸು, ಪರದೆಗೆ ಅಡ್ಡ ಬರ್ತಿದೆ!"

ತಗ್ಗಿಸಿದೆ.