ನೋರಮ್ಮನ ಗುಡ್ಡಕ್ಕೆ ಆರತಿ

ಮಾಲೂರು ಕಡೆಯ ಕೆರೆಯೊಂದಕ್ಕೆ ಮೂವತ್ತೆರಡು ವರ್ಷ ನೀರುಗಂಟಿಯಾಗಿದ್ದ ಚಾಮರಾಜಪ್ಪನನ್ನು ದೇವರು ಐರ್ಲೆಂಡಿನ ಲೆಟರ್‌ಕೆನ್ನಿಗೆ ಏಕೆ ಕರೆತಂದನೋ, ಮೊದಮೊದಲು ಅವನಿಗೇ ತಿಳಿಯಲಿಲ್ಲ. ತೂಬು ಎತ್ತಿ ಕೆರೆಯ ನೀರನ್ನು ಕಾಲುವೆಗೆ ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಕಾಯುವುದು, ಏಡಿ ಬಿಲ ತೋಡಿ ನೀರು ಕದ್ದರೆ ಹುಡುಕಿ ಮುಚ್ಚುವುದು, ಇಷ್ಟೇ ಅವನು ಕಂಡ ಬದುಕು. ಮಗಳು ಅರ್ಪಿತಾ ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಮೊಮ್ಮಗಳ ನಾಮಕರಣಕ್ಕೆಂದು ಎರಡು ಸಾವಿರದ ಇಪ್ಪತ್ತನೇ ಇಸವಿಯ ಫೆಬ್ರವರಿಯಲ್ಲಿ ಬಂದ. ಮಾರ್ಚಿನಲ್ಲಿ ಕೋವಿಡ್ ಬಂದು ವಿಮಾನಗಳು ನಿಂತವು. ಅವನೂ ನಿಂತ.

ಆಗ ಸರ್ಕಾರದ ಕಟ್ಟಳೆ, ಮನೆಯಿಂದ ಐದು ಕಿಲೋಮೀಟರಿನ ಆಚೆ ಯಾರೂ ಕಾಲಿಡಬಾರದು. ಚಾಮರಾಜಪ್ಪ ದಿನವೂ ಬೆಳಿಗ್ಗೆ ವಿಭೂತಿ ಇಟ್ಟುಕೊಂಡು, ಆ ಐದು ಕಿಲೋಮೀಟರಿನೊಳಗೇ ಹೊಸ ದಾರಿ ಹುಡುಕಿ ನಡೆಯುತ್ತಿದ್ದ. ಹಾಗೆ ಒಂದು ದಿನ, ಅಳಿಯ ಪೃಥ್ವಿಯೂ ಜೊತೆಗಿದ್ದಾಗ, ಊರಾಚೆಯ ಗುಡ್ಡದ ಮೇಲೆ ಅಗಲವಾದ ಪಟ್ಟಿಯೊಂದು ಕಂಡಿತು. ಪಟ್ಟಿಯ ತುಂಬ ಪಾಚಿ. ನಡುವೆ ಮಂಡಿಯೂರಿ ಕುಳಿತ ಒಬ್ಬ ಮುದುಕಿ, ಅಡುಗೆಮನೆಯ ಚಾಕುವಿನಿಂದ ಪಾಚಿ ಕೆರೆಯುತ್ತಿದ್ದಳು. ಕೆರೆದಲ್ಲೆಲ್ಲ ಕೆಳಗಿನಿಂದ ಬಿಳಿ ಬ್ರಷ್‌ನಂಥ ಹಾಸು ಹೊಳೆಯುತ್ತಿತ್ತು.

ಪೃಥ್ವಿ ದೂರದಿಂದಲೇ ಅವಳನ್ನು ಮಾತಾಡಿಸಿಕೊಂಡು ಬಂದ. "ಮಾವ, ಇದು ಸ್ಕೀ ಆಡೋ ಜಾಗ ಅಂತೆ. ಹಿಮ ಬೀಳಲ್ವಲ್ಲ ಇಲ್ಲಿ, ಅದಕ್ಕೆ ಹಾಸು ಹಾಕಿ, ನೀರು ಚಿಮುಕ್ಸಿ, ಅದರ ಮೇಲೆ ಜಾರ್ತಿದ್ರಂತೆ. ಮುಚ್ಚಿ ಹನ್ನೊಂದು ವರ್ಷ ಆಯ್ತಂತೆ."

"ಜಾರಿ ಬೀಳೋಕೆ ಇಷ್ಟೆಲ್ಲ ಯಾಕೆ ಅಳಿಯಂದಿರೆ? ನಮ್ಮ ಕೆರೆ ಏರಿ ಮೇಲೆ ಮಳೆಗಾಲದಲ್ಲಿ ನಾನು ದಿನಾ ಬೀಳ್ತಿದ್ದೆ."

"ಇಲ್ಲಿ ಬೀಳದೆ ಜಾರ್ಬೇಕು ಮಾವ, ಅದೇ ಆಟ."

ಮುದುಕಿಯ ಹೆಸರು ನೋರಾ, ಎಪ್ಪತ್ತನಾಲ್ಕು ವಯಸ್ಸು. ಈ ಹಾಸನ್ನು ಹಾಸಿದವನು ಅವಳ ಗಂಡ. ಅವನು ತೀರಿಕೊಂಡ ಮೇಲೆ ಕ್ಲಬ್ಬು ಚದುರಿತು, ಪಂಪು ಕೆಟ್ಟಿತು, ಗೇಟಿಗೆ ಬೀಗ ಬಿತ್ತು. ಈಗ ಊರೆಲ್ಲ ಮನೆಯೊಳಗೆ ಕೂತಿರುವಾಗ ಅವಳು ಚಾಕು ಹಿಡಿದು ಹೊರಟಿದ್ದಳು. ಒಂದು ದಿನಕ್ಕೆ ಒಂದು ಚಾಪೆಯಷ್ಟು ಜಾಗ. ಗುಡ್ಡ ನೋಡಿದರೆ ಸಾವಿರ ಚಾಪೆಯಷ್ಟು.

ಚಾಮರಾಜಪ್ಪ ಬಹಳ ಹೊತ್ತು ಅವಳನ್ನೇ ನೋಡಿದ. ಅವಳು ಒಮ್ಮೆಯೂ ತಲೆಯೆತ್ತಿ ಗುಡ್ಡದ ತುದಿ ನೋಡಲಿಲ್ಲ. ಜಪಮಣಿ ಎಣಿಸುವವರು ಹೀಗೇ ಇರುತ್ತಾರೆ, ಬೆರಳಿನಲ್ಲಿರುವ ಮಣಿಯೊಂದೇ ಅವರಿಗೆ ಲೋಕ. ಅವನ ಕೈ ತಾನಾಗಿ ಮುಗಿಯಿತು. ಮರುದಿನ ಅವನೂ ಚಾಕು ತಂದ. ಹಾಸಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಅವಳಿಂದ ಎರಡು ಮಾರು ದೂರದಲ್ಲಿ ಮಂಡಿಯೂರಿದ. ಅವನು ಕನ್ನಡದಲ್ಲಿ ಮಾತಾಡಿದ, ಅವಳು ಇಂಗ್ಲಿಷಿನಲ್ಲಿ. ಅವನು 'ನೋರಮ್ಮ' ಎಂದ, ಅವಳು 'ರಾಜಾ' ಎಂದಳು. ಇಬ್ಬರಿಗೂ ಏನೂ ಕೊರತೆಯಾಗಲಿಲ್ಲ.

ಐದು ಕಿಲೋಮೀಟರಿನೊಳಗೆ ನಡೆಯುತ್ತಿದ್ದವರಿಗೆಲ್ಲ ಕ್ರಮೇಣ ಈ ಇಬ್ಬರು ಕಂಡರು. ಎರಡನೇ ವರ್ಷದ ವಸಂತಕ್ಕೆ ಇಪ್ಪತ್ತು ಜನ ಆದರು. ಪಂಪು ತಿರುಗಿತು. ಹಾಸು ಬೆಳ್ಳಗಾಯಿತು. ಗುಡ್ಡದ ಒಡೆಯರು ನೋರಮ್ಮನಿಗೆ ಒಂದು ಗಡುವು ಕೊಟ್ಟರು: ಅಕ್ಟೋಬರ್ ಹದಿನಾಲ್ಕರಂದು ಸುರಕ್ಷತೆಯ ಅಧಿಕಾರಿ ಬರುತ್ತಾನೆ, ಅವನು ಒಪ್ಪಿದರೆ ತೆರೆಯಿರಿ, ಒಪ್ಪದಿದ್ದರೆ ಹಾಸು ಕಿತ್ತು ಪೈನ್ ಸಸಿ ನೆಡುತ್ತೇವೆ.

ಅಲ್ಲಿಗೆ ಬಂದು ಒಂದು ತೊಡಕು ಸಿಕ್ಕಿಕೊಂಡಿತು. ಮೇಲಿನಿಂದ ಜಾರಿ ಬಂದವರೆಲ್ಲ ನಡು ಇಳಿಜಾರಿನ ಒಂದೇ ಜಾಗದಲ್ಲಿ ಮುಗ್ಗರಿಸುತ್ತಿದ್ದರು. ಅಲ್ಲಿ ಹಾಸು ಒಣಗಿರುತ್ತಿತ್ತು, ಕಾಲಿನ ಸ್ಕೀ ಹಲಗೆ ಕಚ್ಚಿಕೊಳ್ಳುತ್ತಿತ್ತು. ನೀರು ಹೆಚ್ಚು ಬಿಟ್ಟರು. ಚಿಮ್ಮುವ ಮೂತಿಗಳನ್ನೆಲ್ಲ ಬದಲಿಸಿದರು. ಏನು ಮಾಡಿದರೂ ಅದೊಂದು ಜಾಗ ಒಣಗಿಯೇ ಇತ್ತು. ಹದಿಮೂರರ ಸಂಜೆ ನೋರಮ್ಮ ಅಲ್ಲೇ ಕುಳಿತು, ಗಂಡನ ಹಳೆಯ ಸ್ಕೀ ಹಲಗೆಗಳನ್ನು ಮಡಿಲಲ್ಲಿಟ್ಟುಕೊಂಡಳು, ಕತ್ತಲಾದ ಮೇಲೆ ಅವನ್ನು ಪಂಪಿನ ಮನೆಗೆ ಒರಗಿಸಿಟ್ಟು ಮನೆಗೆ ಹೋದಳು.

ಮರುದಿನ ಆಯುಧಪೂಜೆ. ಊರಿನಲ್ಲಿ ಆ ದಿನ ಚಾಮರಾಜಪ್ಪ ತೂಬಿಗೆ ಪೂಜೆ ಮಾಡದೆ ನೀರು ಮುಟ್ಟಿದವನಲ್ಲ. ಇಲ್ಲಿ ಪಂಪಿಗೆ ಮಾಡೋಣವೆಂದು ಬೆಳಿಗ್ಗೆ ಒಂಬತ್ತಕ್ಕೇ ಬಂದ. ಸುಣ್ಣ ಸಿಗಲಿಲ್ಲವೆಂದು ಅರ್ಪಿತಾ ಒಂದು ದೊಡ್ಡ ಪಾತ್ರೆ ನೀರಿಗೆ ಅರಿಶಿನ, ಅಡುಗೆ ಸೋಡಾ ಕಲಸಿ ಕೆಂಪು ಆರತಿ ನೀರು ಮಾಡಿಕೊಟ್ಟಿದ್ದಳು. ಪಂಪಿಗೆ ಕುಂಕುಮವಿಟ್ಟ, ನೋರಮ್ಮನ ಗಂಡನ ಹಲಗೆಗಳಿಗೆ ಹೂವಿಟ್ಟ, ಆರತಿ ಎತ್ತಿದ. ಇನ್ನು ಆ ನೀರನ್ನು ಚೆಲ್ಲಬೇಕು. ಮನೆಯಲ್ಲಾದರೆ ಹೊಸಿಲಿನ ಆಚೆ ಚೆಲ್ಲುತ್ತಾರೆ. ಈ ಗುಡ್ಡಕ್ಕೆ ಹೊಸಿಲು ಯಾವುದು? ಎಲ್ಲರೂ ಜಾರಲು ಹೊರಡುವ ಆ ತುದಿಯೇ ತಾನೆ, ಎಂದುಕೊಂಡು ಹತ್ತಿಹೋಗಿ ಇಡೀ ಪಾತ್ರೆಯನ್ನು ಬಗ್ಗಿಸಿಬಿಟ್ಟ.

ಬೆಳ್ಳನೆಯ ಹಾಸಿನ ಮೇಲೆ ಕೆಂಪು ಹರಿಯಿತು.

ಕೆಳಗಿನಿಂದ ನೋರಮ್ಮನ ಕೂಗು ಕೇಳಿತು. ಅವಳ ಹಿಂದೆ ಪೃಥ್ವಿ ಏದುಸಿರು ಬಿಡುತ್ತ ಓಡಿಬಂದ. "ಅಯ್ಯೋ ಮಾವ, ಏನ್ ಮಾಡಿದ್ರಿ! ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಬರ್ತಾನೆ. ರಕ್ತ ಅನ್ಕೋತಾನೆ!"

"ಆರತಿ ನೀರು ಕಣ್ರೀ. ಒಳ್ಳೇದಾಗ್ಲಿ ಅಂತ."

"ಒಳ್ಳೇದಾಗೋದು ಆಮೇಲೆ. ಮೊದಲು ತೊಳೀರಿ!"

ನೋರಮ್ಮನ ಮುಖ ಬಿಳಚಿಕೊಂಡಿತ್ತು. ಒಂದೂವರೆ ವರ್ಷ ಮಂಡಿಯೂರಿ ಬಿಳಿ ಮಾಡಿದ್ದಳು. ಅವಳು ಬೈಯಲಿಲ್ಲ, ಪೈಪು ತಂದು ಚಾಮರಾಜಪ್ಪನ ಕೈಗಿಟ್ಟಳು, ಅಷ್ಟೇ. ಅವಳು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ಕಣ್ಣಲ್ಲಿ ನೀರು ತುಂಬಿಕೊಂಡು, ಮೇಲಿನಿಂದ ನೀರು ಹಾಯಿಸಿದ. ಕೆಂಪು ಸರ್ರನೆ ಇಳಿಯಿತು.

ಅವನ ಕಣ್ಣು ಅಭ್ಯಾಸದಂತೆ ನೀರಿನ ಹಿಂದೆಯೇ ಹೋಯಿತು. ನಡು ಇಳಿಜಾರಿನವರೆಗೂ ಕೆಂಪು ಚೆನ್ನಾಗಿ ಬಂತು, ಅಲ್ಲಿ ಒಂದು ಮೊಳದಷ್ಟು ಜಾಗದಲ್ಲಿ ಗಿರಕಿ ಹೊಡೆದು ಮಾಯವಾಯಿತು. ಅದರ ಕೆಳಗೆ ಹಾಸು ಬೆಳ್ಳಗೆ, ಒಣಗಿಯೇ ಇತ್ತು. ಇನ್ನೊಂದು ಗಳಿಗೆಯಲ್ಲಿ, ಇಪ್ಪತ್ತು ಮಾರು ಬಲಕ್ಕೆ, ಹುಲ್ಲಿನ ಬದುವಿನ ಬುಡದಿಂದ ಕೆಂಪು ಜಿನುಗಿತು.

ಚಾಮರಾಜಪ್ಪ ಪೈಪು ಎಸೆದ. "ಏಡಿ ಬಿಲ! ಅಳಿಯಂದಿರೆ, ಏಡಿ ಬಿಲ ಐತೆ ಒಳಗೆ!"

"ಈ ಗುಡ್ಡದಲ್ಲಿ ಏಡಿ ಎಲ್ಲಿಂದ ಬಂತು ಮಾವ?"

"ಏಡಿನೋ, ಇನ್ಯಾವನೋ. ನೀರು ಕದೀತಾ ಅವ್ನೆ. ಹಾಸು ಎತ್ರಿ ಮೊದ್ಲು!"

ನಾಲ್ಕು ಜನ ಸೇರಿ ಹೊಲಿಗೆ ಬಿಚ್ಚಿ ಹಾಸನ್ನು ಎತ್ತಿದರು. ಕೆಳಗೆ ಮೊಲದ ಬಿಲ, ತೋಳು ಇಟ್ಟರೆ ಭುಜದವರೆಗೆ ಹೋಗುವಷ್ಟು ಆಳ. ಹನ್ನೊಂದು ವರ್ಷ ಯಾರೂ ಇಲ್ಲದ ಮನೆಯಲ್ಲಿ ಮೊಲಗಳು ಸಂಸಾರ ಮಾಡಿ ಹೋಗಿದ್ದವು. ಮೇಲಿನಿಂದ ಹರಿದು ಬರುವ ನೀರೆಲ್ಲ ಅಲ್ಲಿ ಇಳಿದು ಪಕ್ಕಕ್ಕೆ ಹೋಗುತ್ತಿತ್ತು. ಒಳಗೆ ಒಂದು ಮರಿಯೂ ಇಲ್ಲವೆಂದು ನೋರಮ್ಮ ಟಾರ್ಚು ಬಿಟ್ಟು ಎರಡು ಸಲ ನೋಡಿದಳು. ಆಮೇಲೆ ಚಾಮರಾಜಪ್ಪ ಪಕ್ಕದ ತೊರೆಯಿಂದ ಜೇಡಿಮಣ್ಣು ತರಿಸಿ, ಹುಲ್ಲು ಸೇರಿಸಿ, ಊರಿನಲ್ಲಿ ಮಾಡುತ್ತಿದ್ದಂತೆಯೇ ಪದರಪದರವಾಗಿ ಹಿಮ್ಮಡಿಯಿಂದ ಒತ್ತಿ ತುಂಬಿದ. ಅವನು ತುಳಿಯುವ ಲಯ ನೋಡಿ ನೋರಮ್ಮನೂ ಬೂಟು ಬಿಚ್ಚಿ ಬಂದು ತುಳಿದಳು.

ಎಲ್ಲರೂ ಸೇರಿ ಹಾಸನ್ನು ಮತ್ತೆ ಹೊಲಿದು ಮುಚ್ಚಿದರು. ಹನ್ನೊಂದಕ್ಕೆ ಅಧಿಕಾರಿ ಬಂದಾಗ ಇಬ್ಬರ ಕಾಲೂ ಕೆಸರು. ಅವನು ಹಾಸು ತಟ್ಟಿ ನೋಡಿದ, ನೀರು ನೋಡಿದ, ತಾನೇ ಮೂರು ಸಲ ಜಾರಿ ಬಂದ. ಮುಗ್ಗರಿಸಲಿಲ್ಲ. ತುದಿಯಲ್ಲಿ ಅಳಿಸದೆ ಉಳಿದ ಕೆಂಪು ಗುರುತನ್ನು ತೋರಿಸಿ ಏನೆಂದು ಕೇಳಿದ.

ಪೃಥ್ವಿ ಬಾಯಿ ತೆರೆಯುವಷ್ಟರಲ್ಲಿ ನೋರಮ್ಮನೇ ಹೇಳಿದಳು, "ಹೊರಡೋ ಗೆರೆ."

"ಗ್ರ್ಯಾಂಡ್," ಎಂದು ಅವನು ಸಹಿ ಹಾಕಿದ.

ಆ ಚಳಿಗಾಲ ಗುಡ್ಡದ ಬುಡದ ಹೊಲದಲ್ಲಿ ಕಾರು ನಿಲ್ಲಿಸಲು ಜಾಗ ಸಾಲಲಿಲ್ಲ. ದೇಶ ದಾಟಿ ಹಿಮದ ಗುಡ್ಡಗಳಿಗೆ ಹೋಗಲಾಗದವರು ಇಲ್ಲಿಗೆ ಬಂದರು. ಎರಡು ವರ್ಷ ಮನೆಯೊಳಗಿದ್ದ ಮಕ್ಕಳು ಬಂದು ಬಿದ್ದು, ನಕ್ಕು, ಮತ್ತೆ ಹತ್ತಿದರು. ಕೋವಿಡ್ ವಾರ್ಡಿನ ದಿನಪಾಳಿ ಮುಗಿಸಿ ಅರ್ಪಿತಾ ಒಮ್ಮೆ ಬಂದು, ಒಂದು ಸಲ ಕಿರುಚುತ್ತ ಇಳಿದು, ಕೆಳಗೆ ಕುಳಿತು ಸುಮ್ಮನೆ ಅತ್ತಳು, ಆಮೇಲೆ ಇನ್ನೊಂದು ಸಲ ಇಳಿದಳು. ನೋರಮ್ಮ ಗಂಡನ ಹಲಗೆಗಳನ್ನು ಕಟ್ಟಿಕೊಂಡು ಬೆನ್ನು ನೆಟ್ಟಗಿಟ್ಟು ಇಳಿದು ಬರುವುದನ್ನು ಚಾಮರಾಜಪ್ಪ ಪಂಪಿನ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತೂಬು ಎತ್ತಿದಾಗ ಬಯಲಿಗೆ ಮೊದಲ ನೀರು ಹೋಗುವುದನ್ನು ಎಷ್ಟೋ ಸಲ ನೋಡಿದ್ದ. ಇದು ಹಾಗೇ ಇತ್ತು.

ಮಾರ್ಚಿನಲ್ಲಿ ಅವನು ಊರಿಗೆ ಮರಳಿದ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಫೋನು ಬಂತು, ಪರದೆಯ ತುಂಬ ನೋರಮ್ಮ. ಹಿಂದೆ ಪೃಥ್ವಿ ನಗುತ್ತಿದ್ದ.

"ಮಾವ, ಈ ವರ್ಷ ಆಯುಧಪೂಜೆ ಯಾವತ್ತು ಅಂತ ಕೇಳ್ತಾ ಇದ್ದಾರೆ. ಅವತ್ತೇ ಗೇಟ್ ತೆಗೀತಾರಂತೆ."

ನೋರಮ್ಮ ನಡುವೆ ಬಾಯಿ ಹಾಕಿ, ಕೈಯಲ್ಲಿದ್ದ ಪಾತ್ರೆಯನ್ನು ಪರದೆಗೆ ಹಿಡಿದು ಏನೋ ಕೇಳಿದಳು.

"ಆಮೇಲೆ ಮಾವ, ಅರಿಶಿನ ಎಷ್ಟು ಚಮಚ?"